ಕೈ ಹೋಗುವಲ್ಲಿ ಸ್ವಿಚ್ಚು

ನಮ್ಮ ಕಾರ್ ಶೆಡ್ಡಿನ ದೀಪದ ಸ್ವಿಚ್ಚು ಇರುವುದು ಒಳಗಿನ ಗೋಡೆಯಲ್ಲಿ. ಕತ್ತಲಾದ ಮೇಲೆ ಅಲ್ಲಿಂದ ಏನಾದರೂ ತರಬೇಕೆಂದರೆ ಕಾರಿನ ಬದಿಯಲ್ಲಿ ಓರೆಯಾಗಿ ನುಸುಳಬೇಕು, ಚಾಲಿ ಅಡಿಕೆ ತುಂಬಿದ ಚೀಲಗಳನ್ನು ತಡವಿಕೊಂಡು ಹೋಗಬೇಕು, ನೆಲದಲ್ಲಿ ಮಲಗಿರುವ ಎಕ್ಸ್‌ಟೆನ್ಶನ್ ಬಾಕ್ಸಿನ ವೈರನ್ನು ಅಂದಾಜಿನ ಮೇಲೆ ದಾಟಬೇಕು. ಇಷ್ಟಾದ ಮೇಲೆ ಗೋಡೆ ಸಿಗುತ್ತದೆ, ಗೋಡೆಯ ಮೇಲೆ ಸ್ವಿಚ್ಚು ಸಿಗುತ್ತದೆ. ಬೆಳಕು ಬೇಕಾಗಿದ್ದ ದಾರಿಯೆಲ್ಲ ಅಷ್ಟರಲ್ಲಿ ಮುಗಿದಿರುತ್ತದೆ.

ಹಾಗೆಂದು ಆ ಸ್ವಿಚ್ಚನ್ನು ಅಲ್ಲಿಟ್ಟವರನ್ನು ನಾನು ದೂರುವುದಿಲ್ಲ. ಅದು ಆಗ ಕಾರ್ ಶೆಡ್ಡಾಗಿರಲಿಲ್ಲ, ಗಾಡಿ ಕೊಟ್ಟಿಗೆ. ಎತ್ತಿನ ಗಾಡಿ ಗದ್ದೆಯ ಕಡೆಯಿಂದ ಬರುತ್ತಿತ್ತು, ಬಾಗಿಲೂ ಆ ಕಡೆಗೇ ಇತ್ತು. ಗಾಡಿಯನ್ನು ಒಳಗೆ ತಂದವರು ಕೈ ಚಾಚಿದರೆ ಸ್ವಿಚ್ಚು ಸಿಗುತ್ತಿತ್ತು. ಆಮೇಲೆ ಎತ್ತು ಹೋದವು, ಗಾಡಿ ಹೋಯಿತು, ಮನೆಯ ಮುಂದೆ ರಸ್ತೆ ಬಂತು, ರಸ್ತೆಯ ಹಿಂದೆ ಕಾರು ಬಂತು. ಗದ್ದೆ ಕಡೆಯ ಬಾಗಿಲು ಮುಚ್ಚಿ ರಸ್ತೆ ಕಡೆ ಬಾಗಿಲು ತೆಗೆಸಿದೆವು. ಬಾಗಿಲು ಈಚೆಗೆ ಬಂತು, ಸ್ವಿಚ್ಚು ಆಚೆಯೇ ಉಳಿಯಿತು. ಈಗ ಶೆಡ್ಡಿನ ವೈರಿಂಗನ್ನೆಲ್ಲ ಹೊಸದಾಗಿ ಮಾಡಿಸಬೇಕೆಂದು ಹೊರಟಿರುವುದರಿಂದ ಇದೆಲ್ಲ ಒಂದೊಂದಾಗಿ ನೆನಪಿಗೆ ಬರುತ್ತಿದೆ.

ಜೋಗದಲ್ಲಿ ವಿದ್ಯುದಾಗಾರ ಶುರುವಾದದ್ದು 1948ರಲ್ಲಿ. ಅದಕ್ಕೂ ಎಷ್ಟೋ ಮೊದಲೇ, 1902ರಲ್ಲಿ, ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹೊತ್ತಿತ್ತು. ಸಾಗರದ ಈಚೆಯ ನಮ್ಮೂರಿಗೆ ಕಂಬ ಬಂದದ್ದು ಮಾತ್ರ ಅಮ್ಮ ಈ ಮನೆಗೆ ಸೊಸೆಯಾಗಿ ಬಂದ ಮೇಲೆ. ಜಗಲಿಗೊಂದು, ನಡುಮನೆಗೊಂದು, ಅಡುಗೆಮನೆಗೊಂದು, ಕೊಟ್ಟಿಗೆಗೊಂದು ಬಲ್ಬು. ಮೊದಲ ಸಂಜೆ ದೀಪ ಹೊತ್ತಿದಾಗ ಅಜ್ಜಿ ಮೊದಲು ಮಾಡಿದ್ದು ಕೈಮುಗಿದದ್ದು, ಎರಡನೆಯದಾಗಿ ಅಟ್ಟದ ಜೇಡರ ಬಲೆ ನೋಡಿ ಪೊರಕೆ ತರಿಸಿದ್ದು ಎಂದು ಅಮ್ಮ ಹೇಳುತ್ತಾರೆ. ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಯಾರಿಗೂ ಕಾಣದಿದ್ದ ಬಲೆಗಳು. ಅಮ್ಮ ಇವತ್ತಿಗೂ ಮುಸ್ಸಂಜೆ ಸ್ವಿಚ್ಚು ಒತ್ತಿದ ಕೂಡಲೇ ಬಲ್ಬಿಗೆ ಕೈಮುಗಿಯುತ್ತಾರೆ, ಅದು ಶೆಡ್ಡಿನ ಬಲ್ಬಾದರೂ ಸರಿ.

ಆ ಕಾಲದ ವೈರಿಂಗು ಶೆಡ್ಡಿನಲ್ಲಿ ಇನ್ನೂ ಹಾಗೇ ಇದೆ. ಗೋಡೆಯುದ್ದಕ್ಕೂ ಸಾಗವಾನಿ ರೀಪು, ರೀಪಿನ ಮೇಲೆ ಜೋಡಿ ವೈರು, ಗೇಣಿಗೂ ಕಡಿಮೆ ಅಂತರದಲ್ಲಿ ಅದನ್ನು ಹಿಡಿದ ತಗಡಿನ ಕ್ಲಿಪ್ಪು. ಒಂದು ಕ್ಲಿಪ್ಪೂ ಸೊಟ್ಟಗಿಲ್ಲ. ಮೂಲೆಯಲ್ಲಿ ವೈರು ತಿರುಗುವ ಕಡೆ ಎರಡೂ ಎಳೆ ಒಂದೇ ಸಮನೆ ಬಾಗಿವೆ. ಮರದ ದುಂಡು ಬ್ಲಾಕು, ಅದರ ಮೇಲೆ ಕಪ್ಪು ಬೇಕಲೈಟಿನ ಸ್ವಿಚ್ಚು, ಒತ್ತಿದರೆ ಟಕ್ಕೆಂದು ಇಡೀ ಶೆಡ್ಡಿಗೆ ಕೇಳುವ ಸದ್ದು. ಮೂಲೆಯಲ್ಲಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸು. ಇದನ್ನು ಮಾಡಿದವರು ಪೇಟೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರಂತೆ, ಚೀಲದಲ್ಲಿ ಸಣ್ಣ ಸುತ್ತಿಗೆ ಮತ್ತು ನೂಲುದಾರ. ಗೋಡೆಗೆ ಬಣ್ಣದ ದಾರ ಹಿಡಿದು ಮೀಟಿ ಗೆರೆ ಹಾಕದೆ ಒಂದು ಮೊಳೆಯನ್ನೂ ಹೊಡೆಯುತ್ತಿರಲಿಲ್ಲವಂತೆ. ಅವರ ಕೆಲಸ ನೋಡುತ್ತ ನಿಂತರೆ ನನಗೆ ಈಗಲೂ ಗೌರವ ಉಕ್ಕುತ್ತದೆ.

ಆದರೆ ಮೊನ್ನೆ ಇಲೆಕ್ಟ್ರಿಶಿಯನ್ ಬಂದು ಆ ಸ್ವಿಚ್ಚನ್ನು ಬಿಚ್ಚಿ, ಹಿಂದಿನ ವೈರನ್ನು ಬೆರಳಲ್ಲಿ ಸ್ವಲ್ಪ ಬಗ್ಗಿಸಿದರು. ಮೇಲಿನ ರಬ್ಬರು ಪುಡಿಪುಡಿಯಾಗಿ ಉದುರಿತು. ಅವರ ಅಂಗೈಯಲ್ಲಿ ಕಪ್ಪು ಪುಡಿ, ಒಳಗೆ ಬೆತ್ತಲೆ ತಂತಿ. 'ನೋಡಿ ಅಣ್ಣಾ, ಇಷ್ಟು ವರ್ಷ ಯಾರೂ ಮುಟ್ಟದೇ ಇದ್ದದ್ದಕ್ಕೆ ಉಳಿದಿದೆ. ಅಲುಗಾಡಿಸಿದ್ದರೆ ಯಾವತ್ತೋ ಒಂದಕ್ಕೊಂದು ತಾಗ್ತಿತ್ತು' ಎಂದರು. ಹೊರಗಿನಿಂದ ನೋಡಿದರೆ ಒಂದು ಕ್ಲಿಪ್ಪು ಕದಲಿರಲಿಲ್ಲ. ರಬ್ಬರಿನ ಆಯುಷ್ಯವೇ ಅಷ್ಟು, ಕೆಲಸಗಾರರ ತಪ್ಪಲ್ಲ.

ಇನ್ನೊಂದು ಮಾತು. ಅಲ್ಲಿಗೆ ಎಳೆದದ್ದು ಎರಡೇ ಎಳೆ. ಅರ್ತಿನ ವೈರೇ ಇಲ್ಲ. ಒಂದು 40 ವ್ಯಾಟಿನ ಬಲ್ಬಿಗೆ ಅದರ ಅಗತ್ಯ ಯಾರಿಗೂ ಕಂಡಿರಲಿಲ್ಲ. 230 ವೋಲ್ಟಿನಲ್ಲಿ ಅಂಥ ಬಲ್ಬು ಎಳೆಯುವುದು ಒಂದು ಆಂಪಿಯರಿನ ಆರನೇ ಒಂದು ಭಾಗದಷ್ಟು ಕರೆಂಟು. ಬಲ್ಬಿನ ದಾರಿಗೆ ಆಮೇಲೆ ಒಂದು ಪ್ಲಗ್ಗು ಸೇರಿತು. ಪ್ಲಗ್ಗಿಗೆ ಗ್ರೈಂಡಿಂಗ್ ಮೆಷಿನ್ನು, ಕಾರು ತೊಳೆಯುವ ಪಂಪು, ಮಗಳ ಇಲೆಕ್ಟ್ರಿಕ್ ಸ್ಕೂಟರಿನ ಚಾರ್ಜರು ಒಂದರ ಹಿಂದೆ ಒಂದು ಬಂದವು. ಮುಂದಿನ ವರ್ಷ ಅಡಿಕೆ ಸುಲಿಯುವ ಮೆಷಿನ್ನು ಬರುವುದಿದೆ, ಮಗಳು ಇಲೆಕ್ಟ್ರಿಕ್ ಕಾರಿನ ಮಾತನ್ನೂ ಎತ್ತಿದ್ದಾಳೆ. ಮನೆಯ ಪ್ಲಗ್ಗಿನಲ್ಲೇ ಚಾರ್ಜು ಮಾಡುವ ಕಾರಿನ ಚಾರ್ಜರು 3.3 ಕಿಲೋವ್ಯಾಟಿನದಾದರೆ ಹದಿನಾಲ್ಕು ಆಂಪಿಯರಿಗೂ ಮೇಲೆ ಎಳೆಯುತ್ತದೆ. ಆ ಹಳೆಯ ಬಲ್ಬಿನ ಎಂಬತ್ತು ಪಟ್ಟು! ಅದೂ ಇಸ್ತ್ರಿಪೆಟ್ಟಿಗೆಯ ಹಾಗೆ ಹತ್ತು ನಿಮಿಷ ಎಳೆದು ಬಿಡುವುದಿಲ್ಲ, ರಾತ್ರಿ ಊಟ ಮುಗಿಸಿ ಚುಚ್ಚಿದರೆ ಬೆಳಗಿನ ಕಾಫಿಯವರೆಗೂ ಎಳೆಯುತ್ತಲೇ ಇರುತ್ತದೆ. ತೋಟಕ್ಕೆ ನೀರು ಹರಿಸುವ ಅಡಿಕೆ ದಬ್ಬೆಗೆ ಮಳೆಗಾಲದ ಹಳ್ಳವನ್ನೇ ತಿರುಗಿಸಿದರೆ ಏನಾಗುತ್ತದೆಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ದಬ್ಬೆಯಲ್ಲಾದರೆ ನೀರು ಉಕ್ಕಿ ಹೊರಗೆ ಕಾಣುತ್ತದೆ. ವೈರಿನಲ್ಲಿ ಏನೂ ಕಾಣುವುದಿಲ್ಲ, ಬಿಸಿಯಾಗುತ್ತದೆ ಅಷ್ಟೇ. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ. ಎಲ್ಲಾದರೂ ಸ್ಕ್ರೂ ಸಡಿಲವಿದ್ದರೆ ಬಿಸಿಯೆಲ್ಲ ಅಲ್ಲೇ ಸೇರುತ್ತದೆ. ಬೇಕಲೈಟು ಕರಟುವ ಆ ಹುಳಿಮಿಶ್ರಿತ ಘಾಟು ಒಮ್ಮೆ ಮೂಗಿಗೆ ಬಡಿದವರು ಜನ್ಮದಲ್ಲಿ ಮರೆಯುವುದಿಲ್ಲ.

ಲೋಡು ಹೀಗೆ ಹೆಚ್ಚಾದಾಗ ನಮ್ಮ ಊರುಗಳಲ್ಲಿ ಮಾಡುತ್ತಿದ್ದ ಉಪಾಯ ಒಂದಿತ್ತು. ದೊಡ್ಡಪ್ಪನ ಮನೆಯಲ್ಲಿ ಪಂಪು ಹಾಕಿದಾಗಲೆಲ್ಲ ಫ್ಯೂಸು ಹೋಗುತ್ತಿತ್ತು. ಪಕ್ಕದ ಮನೆಯ ಹಿರಿಯರೊಬ್ಬರು ಬಂದು, ವೈರಿನ ಎಳೆಗಳನ್ನೇ ಹೊಸೆದು ಫ್ಯೂಸಿಗೆ ಸುತ್ತಿ, 'ಇನ್ನು ಇದು ಸತ್ರೂ ಹೋಗೂದಿಲ್ಲ ಮಾರಾಯ್ರೆ' ಎಂದು ಚಹಾ ಕುಡಿದು ಹೋಗುತ್ತಿದ್ದರು. ಆ ಮಾತು ಅಕ್ಷರಶಃ ನಿಜ, ಭಯ ಇದ್ದದ್ದೂ ಅಲ್ಲೇ. ಹೋಗಬೇಕಾದಾಗ ಹೋಗುವುದೇ ಫ್ಯೂಸಿನ ಧರ್ಮ. ಅದು ಹೋಗದಿದ್ದರೆ ಅದರ ಬದಲಿಗೆ ಗೋಡೆಯೊಳಗಿನ ವೈರು ಹೋಗುತ್ತದೆ, ವೈರಿನ ಹಿಂದೆ ಮಾಡಿನ ರೀಪು, ಪಕ್ಕಾಸಿ. ಒಣ ಅಡಿಕೆ, ಗೋಣಿಚೀಲ, ತೆಂಗಿನ ಸಿಪ್ಪೆ, ಪೆಟ್ರೋಲು ಎಲ್ಲವನ್ನೂ ಒಂದೇ ಸೂರಿನಡಿ ಇಟ್ಟುಕೊಂಡ ಶೆಡ್ಡಿನಲ್ಲಿ ಇದನ್ನು ನೆನೆಯಲೂ ಮನಸ್ಸು ಒಪ್ಪದು.

ಇಲೆಕ್ಟ್ರಿಶಿಯನ್ ಬಂದವರು ಉಳಿ ಸುತ್ತಿಗೆ ಹಿಡಿಯುತ್ತಾರೆಂದು ನಾನು ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದು ಹಾಳೆ ಮತ್ತು ಪೆನ್ಸಿಲ್ಲು. ಆಮೇಲೆ ಪ್ರಶ್ನೆಗಳು ಶುರುವಾದವು. ಕಾರು ಯಾವ ಮುಖವಾಗಿ ನಿಲ್ಲುತ್ತದೆ? ಕಾರು ತೊಳೆಯುವುದು ಎಲ್ಲಿ, ನೀರು ಯಾವ ಕಡೆ ಹರಿಯುತ್ತದೆ? ಮೆಷಿನ್ನಿಗೆ ಯಾವ ಮೂಲೆ? ರಾತ್ರಿ ಇಲ್ಲಿಗೆ ಬರುವವರು ಯಾರು, ಚಪ್ಪಲಿ ಹಾಕುತ್ತಾರಾ? ಕೊನೆಯ ಪ್ರಶ್ನೆಗೆ ಅಮ್ಮನೇ ಉತ್ತರ ಕೊಟ್ಟರು: 'ಕೈಕಾಲು ತೊಳಕೊಂಡು ದೀಪ ಹಾಕಕ್ಕೆ ಬರ್ತೀನಿ ತಮ್ಮಾ, ಚಪ್ಪಲಿ ಎಲ್ಲಿಂದ?' ಅವರು ಅದನ್ನೂ ಬರೆದುಕೊಂಡರು. ಹಸಿ ಕೈ, ಬರಿಗಾಲು, ಸಗಣಿ ಸಾರಿಸಿದ ಅಂಗಳದಿಂದ ಸಿಮೆಂಟು ನೆಲಕ್ಕೆ. ನಮ್ಮ ಮನೆಗೆ ಬೇಕಾದ ವೈರಿಂಗು ಆ ಒಂದು ಸಾಲಿನಲ್ಲೇ ಇತ್ತೆಂದು ನನಗೆ ಅನಿಸುತ್ತದೆ. ವೈರಿನ ದಪ್ಪ, ಸ್ವಿಚ್ಚಿನ ಕಂಪನಿ, ಪೈಪಿನ ಅಳತೆ ಆಮೇಲೆ ಬರುವ ಮಾತು. ಮನೆಯವರು ಎಲ್ಲಿ ನಡೆಯುತ್ತಾರೆ, ಯೋಚಿಸದೆ ಎಲ್ಲಿಗೆ ಕೈ ಚಾಚುತ್ತಾರೆ ಎಂಬುದನ್ನು ನೋಡಿಕೊಳ್ಳದೆ ಹಾಕಿದ ಗೆರೆ ಎಷ್ಟು ನೇರವಿದ್ದರೂ ನಿಷ್ಪ್ರಯೋಜಕ.

ಅಮ್ಮನ ಆ ಉತ್ತರದಿಂದ ಮೊದಲು ಹುಟ್ಟಿದ್ದು ದೀಪದ ಜಾಗ. ಟೂ-ವೇ ಸ್ವಿಚ್ಚು ಹಾಕಿಸುವುದು, ಒಂದು ಮನೆಯ ಜಗಲಿಯಲ್ಲಿ, ಇನ್ನೊಂದು ಶೆಡ್ಡಿನ ಬಾಗಿಲ ಪಕ್ಕದಲ್ಲಿ. ಜಗಲಿಯಿಂದ ಹೊತ್ತಿಸಿ ಅಂಗಳ ದಾಟಬಹುದು, ಶೆಡ್ಡಿನಲ್ಲಿ ಆರಿಸಿ ಬರಬಹುದು. ದೀಪಕ್ಕೆ 1.5 ಚದರ ಮಿಲಿಮೀಟರಿನ ವೈರು, ಫ್ಯೂಸಿನ ಬದಲಿಗೆ 6 ಆಂಪಿಯರಿನ ಎಂಸಿಬಿ. ಸಣ್ಣಪುಟ್ಟ ಉಪಕರಣಗಳ ಪ್ಲಗ್ಗಿಗೆ 2.5ರ ವೈರು, 16ರ ಎಂಸಿಬಿ. ವಾಹನದ ಚಾರ್ಜಿಗೆ 4 ಚದರ ಮಿಲಿಮೀಟರಿನ ಬೇರೆಯೇ ದಾರಿ, ಅದಕ್ಕೆ ಅದರದೇ ಕಾವಲು. ಅದರಲ್ಲಿ ಇನ್ನೊಂದು ಪ್ಲಗ್ಗು ಸೇರಿಸುವಂತಿಲ್ಲ. ಸುಲಿಯುವ ಮೆಷಿನ್ನಿಗೂ ಪ್ರತ್ಯೇಕ. ಮೋಟರು ತಿರುಗಲು ಶುರುವಾಗುವ ಕ್ಷಣದಲ್ಲಿ ಆಮೇಲಿನದಕ್ಕಿಂತ ಹಲವು ಪಟ್ಟು ಎಳೆಯುತ್ತದೆ, ಆದ್ದರಿಂದ ಅದಕ್ಕೆ ಸಿ ಜಾತಿಯ ಎಂಸಿಬಿ. ಪ್ಲಗ್ಗುಗಳೆಲ್ಲ ಸೊಂಟದ ಮಟ್ಟಕ್ಕಿಂತ ಮೇಲೆ. ತೊಳೆಯುವ ನೀರು ಸಿಡಿಯಬಾರದು ಎಂಬುದು ಒಂದು ಕಾರಣ, ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಹತ್ತಿರವೇ ಹರಡಿಕೊಳ್ಳುತ್ತದೆ ಎಂಬುದು ಇನ್ನೊಂದು. ಸ್ವಿಚ್ಚು ಹಾಕುವಾಗ ಹಾರುವ ಸಣ್ಣ ಕಿಡಿಗೂ ಅದಕ್ಕೂ ಭೇಟಿಯಾಗಬಾರದು.

ಎಂಸಿಬಿ ಇದ್ದರೆ ಎಲ್ಲ ಕ್ಷೇಮ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಅದು ಕಾಯುವುದು ವೈರನ್ನು. ಮನುಷ್ಯನನ್ನು ಕಾಯುವುದು ಅದರ ಪಕ್ಕದಲ್ಲಿ ಕೂರುವ ಆರ್‌ಸಿಸಿಬಿ. ಈ ಲೆಕ್ಕ ನನ್ನ ಮನಸ್ಸಿನಲ್ಲಿ ನಿಂತದ್ದು ಜೀರೋ ಬಲ್ಬಿನಿಂದ. ದೇವರ ಮನೆಯಲ್ಲಿ ರಾತ್ರಿಯಿಡೀ ಉರಿಯುತ್ತಿತ್ತಲ್ಲ, ಆ ಹಳೆಯ ಜೀರೋ ಬಲ್ಬು. ಹೆಸರಿಗೆ ಸೊನ್ನೆ, ಎಳೆಯುತ್ತಿದ್ದದ್ದು ಸುಮಾರು 15 ವ್ಯಾಟು, ಅಂದರೆ 65 ಮಿಲಿ ಆಂಪಿಯರು. ಅಷ್ಟು ಕರೆಂಟು ಮನುಷ್ಯನ ಎದೆಯ ಮೂಲಕ ಹಾದರೆ ಗುಂಡಿಗೆಯ ಬಡಿತ ತಪ್ಪಲು ಸಾಕು. ಮೂವತ್ತೆರಡು ಆಂಪಿಯರಿನ ಎಂಸಿಬಿಗೆ ಅದು ಗಮನಕ್ಕೇ ಬರುವುದಿಲ್ಲ. ಆರ್‌ಸಿಸಿಬಿಯ ಕೆಲಸ ಬೇರೆ. ಹೋದ ಕರೆಂಟು ಅಷ್ಟೂ ವಾಪಸು ಬಂತೇ ಎಂದು ಅದು ಕ್ಷಣಕ್ಷಣವೂ ತಾಳೆ ನೋಡುತ್ತದೆ. 30 ಮಿಲಿ ಆಂಪಿಯರು ದಾರಿ ತಪ್ಪಿ ಯಾರದೋ ಮೈಯಿಂದಲೋ ಒದ್ದೆ ಗೋಡೆಯಿಂದಲೋ ನೆಲಕ್ಕೆ ಇಳಿದರೆ ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ಕಡಿಯುತ್ತದೆ. ನಮ್ಮ ಮಲೆನಾಡಿನ ಆಷಾಢದಲ್ಲಿ ಗೋಡೆ ಮುಟ್ಟಿದರೆ ಜುಮ್ಮೆನ್ನುವುದು ಯಾರಿಗೂ ಹೊಸತಲ್ಲ. 'ಗೋಡೆಯಲ್ಲಿ ಕರೆಂಟು ಬರ್ತದೆ, ಆ ಕಡೆ ಹೋಗ್ಬೇಡ' ಎಂದು ಮಕ್ಕಳಿಗೆ ಹೇಳಿ ಮಳೆಗಾಲ ದಾಟಿಸಿದ ಮನೆಗಳನ್ನು ನಾನು ನೋಡಿದ್ದೇನೆ. ಆರ್‌ಸಿಸಿಬಿ ಹಾಕಿದ ಮೇಲೆ ಅದು ಮಳೆಗಾಲದಲ್ಲಿ ಮತ್ತೆಮತ್ತೆ ಬಿದ್ದರೆ 'ಸುಮ್ಮನೆ ಟ್ರಿಪ್ಪಾಗ್ತದೆ' ಎಂದು ಅದನ್ನು ತಪ್ಪಿಸಿ ನೇರ ವೈರು ಕೊಡಿಸಿಕೊಳ್ಳುವವರೂ ಇದ್ದಾರೆ. ಅದು ಸುಮ್ಮನೆ ಬೀಳುವುದು ಕಡಿಮೆ. ಎಲ್ಲೋ ಸೋರುತ್ತಿದೆ ಎಂದು ಅದು ಹೇಳುತ್ತಿರುತ್ತದೆ, ಕೇಳಿಸಿಕೊಳ್ಳಬೇಕು. ಅದರ ಮೈಮೇಲೆ ಟೆಸ್ಟ್ ಎಂದು ಬರೆದ ಒಂದು ಸಣ್ಣ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ, ಬೀಳುತ್ತದೆಯೇ ನೋಡಬೇಕು. ಅಮಾವಾಸ್ಯೆ ದಿನ ಒತ್ತುತ್ತೇನೆ, ನೆನಪಿರುತ್ತದೆ ಎಂದು ಅಮ್ಮ ಆ ಕೆಲಸ ವಹಿಸಿಕೊಂಡಿದ್ದಾರೆ.

ಮೂರು ಕಡ್ಡಿಯ ಪ್ಲಗ್ಗನ್ನು ಕೈಯಲ್ಲಿ ಹಿಡಿದು ನೋಡಿದ್ದೀರಾ? ಮೇಲಿನ ಕಡ್ಡಿ ಉಳಿದೆರಡಕ್ಕಿಂತ ದಪ್ಪ, ಒಂದಿಷ್ಟು ಉದ್ದವೂ ಹೌದು. ಅದು ಅರ್ತಿನ ಕಡ್ಡಿ. ಚುಚ್ಚುವಾಗ ಎಲ್ಲಕ್ಕಿಂತ ಮೊದಲು ಅದು ಒಳಗೆ ಮುಟ್ಟಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ಕರೆಂಟು ಬರುವ ಮೊದಲೇ ಕಾವಲು ನಿಂತು, ಅದು ಹೋದ ಮೇಲೆ ಜಾಗ ಬಿಡುವ ಏರ್ಪಾಡು. ಯಾರೋ ಒಬ್ಬರು ಕಾಣದ ಮನುಷ್ಯನ ಬೆರಳನ್ನು ನೆನೆದು ಆ ಒಂದೆರಡು ಮಿಲಿಮೀಟರನ್ನು ಉದ್ದ ಮಾಡಿದ್ದಾರೆ. ನನಗೆ ಇದು ಬಹಳ ದೊಡ್ಡ ಸಂಗತಿ ಎನಿಸುತ್ತದೆ. ನಮ್ಮ ಶೆಡ್ಡಿನ ಸಾಕೆಟ್ಟಿನಲ್ಲಿ ಮಾತ್ರ ಆ ದಪ್ಪ ಕಡ್ಡಿಯ ತೂತು ಖಾಲಿ, ಹಿಂದೆ ವೈರಿಲ್ಲ. ಖಾಲಿ ಎಂದೆನೇ? ಬಿಚ್ಚಿ ನೋಡಿದರೆ ಕುಂಬಾರ ಹುಳ ಅದರೊಳಗೆ ಮಣ್ಣು ಮೆತ್ತಿ, ಮರಿಗೆಂದು ಹಸಿರು ಹುಳು ತುಂಬಿ, ಬಾಯಿ ಮುಚ್ಚಿ ಹೋಗಿತ್ತು. ಹೊಸದಕ್ಕೆ ಶಟರ್ ಇರುವ ಸಾಕೆಟ್ಟೇ ಬೇಕೆಂದು ಅಲ್ಲೇ ನಿಶ್ಚಯವಾಯಿತು. ಶಟರು ಹುಳಕ್ಕೂ ಅಡ್ಡ, ಮಕ್ಕಳ ಕೈಯ ಕಡ್ಡಿಗೂ ಅಡ್ಡ.

ಶೆಡ್ಡೆಂದರೆ ಹೀಗೆ ಹುಳಹುಪ್ಪಟೆಗಳ ಪಾಲೂ ಇದೆ. ಇಲಿ ವೈರು ಕಡಿಯುತ್ತದೆ, ಆದ್ದರಿಂದ ಎಲ್ಲ ವೈರೂ ಪೈಪಿನೊಳಗೆ, ಪೈಪಿನ ಬಾಯಿಗಳೆಲ್ಲ ಮುಚ್ಚಿರಬೇಕು. ಹಲ್ಲಿ ಎಂಸಿಬಿಗಳಿರುವ ಡಿಬಿ ಬಾಕ್ಸಿನ ಬೆಚ್ಚನೆಯ ಜಾಗ ಹುಡುಕಿಕೊಂಡು ಬರುತ್ತದೆ, ಅದಕ್ಕೂ ಸಂದು ಬಿಡಬಾರದು. ನಮ್ಮಲ್ಲಿ ಇನ್ನೊಂದು ವಿಶೇಷ, ಮೈಲುತುತ್ತ. ಮಳೆಗಾಲಕ್ಕೆ ಕೊಳೆರೋಗದ ಔಷಧಿ ಕೂಡುವುದು ಇದೇ ಶೆಡ್ಡಿನ ಬಾಗಿಲಲ್ಲಿ. ಆ ನೀಲಿ ನೀರು ತಾಗಿದ ಕಬ್ಬಿಣ ಉಳಿಯುವುದಿಲ್ಲ. ಅದಕ್ಕೇ ಅದನ್ನು ಕದಡುವುದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಹಾಗಾಗಿ ಬಾಗಿಲ ಕಡೆಯ ಗೋಡೆಗೆ ತಗಡಿನ ಬಾಕ್ಸು ಬೇಡ, ಪ್ಲಾಸ್ಟಿಕ್ಕಿನದೇ ಇರಲಿ ಎಂದು ಹಾಳೆಯಲ್ಲಿ ಇನ್ನೊಂದು ಸಾಲು ಸೇರಿತು. ಎಲ್ಲ ಪಟ್ಟಣಗಳ ಎಲ್ಲ ಗ್ಯಾರೇಜುಗಳಿಗೂ ಸಲ್ಲುವ ಒಂದೇ ನಕ್ಷೆ ಯಾಕೆ ಇರಲಾರದು ಎಂದು ನನಗೆ ಆಗ ಚೆನ್ನಾಗಿ ಅರ್ಥವಾಯಿತು.

ಮನೆಯಿಂದ ಶೆಡ್ಡಿಗೆ ಬರುವ ವೈರು ಈಗ ಅಂಗಳದ ಮೇಲೆ, ಕಟ್ಟುತಂತಿಗೆ ಜೋತುಕೊಂಡು ಬಂದಿದೆ. ಅದರ ಮೇಲೆ ತೆಂಗಿನ ಮಡಲು ಬೀಳುತ್ತದೆ, ಅಡಿಕೆ ಸೋಗೆ ಬೀಳುತ್ತದೆ, ಮಂಗಗಳ ಸವಾರಿಯೂ ಆಗುತ್ತದೆ. ಇನ್ನು ಅದು ನೆಲದಡಿ ಬರಲಿದೆ. ಎರಡೂವರೆ ಅಡಿ ಆಳದ ಚರಂಡಿ, ಮರಳು, ಉಕ್ಕಿನ ಕವಚದ ಕೇಬಲ್ಲು, ಮತ್ತೆ ಮರಳು, ಮೇಲೆ ಸಾಲಾಗಿ ಇಟ್ಟಿಗೆ, ಆಮೇಲೆ ಮಣ್ಣು. ಮುಂದೆ ಯಾರಾದರೂ ಗಿಡ ನೆಡಲು ಗುದ್ದಲಿ ಹಾಕಿದರೆ ಮೊದಲು ಇಟ್ಟಿಗೆ ಟಣ್ಣೆನ್ನಬೇಕು. ಕೇಬಲ್ಲು ಹೋದ ದಾರಿ, ಗೋಡೆಯೊಳಗಿನ ಪೈಪು, ಎಲ್ಲವನ್ನೂ ಮುಚ್ಚುವ ಮೊದಲು ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ನಕ್ಷೆಯ ಒಂದು ಪ್ರತಿಯನ್ನು ಆರ್.ಆರ್. ನಂಬರಿನ ಕಾಗದಗಳ ಜೊತೆ ಇಡಬೇಕೆಂದಿದ್ದೇವೆ. ಕಾರಿನ ಚಾರ್ಜರೂ ಸೇರಿದರೆ ಮನೆಗೆ ಮಂಜೂರಾದ ಲೋಡು ಸಾಲದು, ಹೆಚ್ಚಿಸಲು ಮೆಸ್ಕಾಂಗೆ ಅರ್ಜಿ ಕೊಡುವುದೂ ಪಟ್ಟಿಯಲ್ಲಿದೆ. ನಕ್ಷೆ ಮನೆಯವರು ಕೂತು ಮಾಡಬಹುದು, ಮಾಡಲೇಬೇಕು. ವೈರಿಗೆ ಕೈ ಹಾಕುವುದು ಮಾತ್ರ ಪರ್ಮಿಟ್ ಇರುವ ವೈರ್‌ಮನ್ನಿನ ಕೆಲಸ.

ಆ ಕೈಯ ಶಿಸ್ತನ್ನು ನಾನು ಹತ್ತಿರದಿಂದ ನೋಡಿದೆ. ಹಳೆಯ ಸ್ವಿಚ್ಚು ಬಿಚ್ಚುವ ಮೊದಲು ಇಲೆಕ್ಟ್ರಿಶಿಯನ್ ಮೇನ್ ಸ್ವಿಚ್ಚು ಆರಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ, ಒಳಗೆ ಹೋಗಿ ಯುಪಿಎಸ್ಸನ್ನೂ ಆರಿಸಿದರು. ಮೇನು ಆರಿಸಿದರೂ ಯುಪಿಎಸ್ಸಿನ ಕರೆಂಟು ದೀಪದ ವೈರಿನಲ್ಲಿ ಜೀವಂತವಾಗಿರುತ್ತದೆ, ಎಷ್ಟೋ ಮನೆಗಳಲ್ಲಿ ಶಾಕ್ ಹೊಡೆಯುವುದು ಹೀಗೆಯೇ ಎಂದರು. ಕಿಟ್‌ಕ್ಯಾಟ್ ಫ್ಯೂಸನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡರು. ಟೆಸ್ಟರನ್ನು ಮೊದಲು ಕರೆಂಟಿರುವ ಪಕ್ಕದ ಮನೆಯ ಪ್ಲಗ್ಗಿನಲ್ಲಿ ಹೊತ್ತಿಸಿ ನೋಡಿ, ಅದು ಸರಿ ಇದೆಯೆಂದಾದ ಮೇಲೆ ನಮ್ಮ ವೈರಿಗೆ ಇಟ್ಟು ನೋಡಿದರು. 'ಫ್ಯೂಸು ನನ್ನ ಜೇಬಲ್ಲಿದ್ರೆ ಮಾತ್ರ ಅಣ್ಣಾ ನಾನು ಕೈ ಹಾಕೋದು. ಯಾರೋ ಪುಣ್ಯಾತ್ಮರು ಫ್ಯಾನಿಗೆ ಅಂತ ಬಂದು ಮೇನು ಹಾಕಿಬಿಡ್ತಾರೆ.' ಮನೆಯಲ್ಲಿ ಇವರಿಗೆ ಮಕ್ಕಳಿದ್ದಾರೆ. ಜೇಬಿನಲ್ಲಿರುವ ಆ ಫ್ಯೂಸಿನ ಭಾರ ಎಷ್ಟೆಂದು ಆ ಮಕ್ಕಳ ಅಪ್ಪನಿಗೆ ಚೆನ್ನಾಗಿ ಗೊತ್ತು.

ಒಂದು ಶೆಡ್ಡಿಗೆ ಇಷ್ಟೆಲ್ಲ ಬೇಕಾ ಎಂದು ನೆಂಟರು ಕೇಳುತ್ತಾರೆ. ಒಳ್ಳೆಯ ಆರ್‌ಸಿಸಿಬಿ ಒಂದಕ್ಕೆ ಬೀಳುವ ದುಡ್ಡು ಶೆಡ್ಡಿನಲ್ಲಿ ನಿಂತ ಕಾರಿನ ಒಂದು ಟೈರಿಗಿಂತ ಕಡಿಮೆ ಎಂದು ನಾನು ಹೇಳುತ್ತೇನೆ. ಕೆಲಸದ ಕ್ರಮವೂ ನಿಶ್ಚಯವಾಗಿದೆ. ಕೊಯ್ಲು ಮುಗಿದು ಅಡಿಕೆ ಚೀಲ ಖಾಲಿಯಾದ ವಾರವೇ ಅರ್ತಿನ ಗುಂಡಿ ತೋಡುವವರು ಬರುತ್ತಾರೆ. ಬಚ್ಚಲ ನೀರು ಹರಿಯುವ ಬಾಳೆಬುಡದ ಹತ್ತಿರ ಜಾಗ ಗುರುತು ಮಾಡಿದ್ದಾಗಿದೆ, ಅಲ್ಲಿ ಬೇಸಿಗೆಯಲ್ಲೂ ಮಣ್ಣು ಒಣಗುವುದಿಲ್ಲ. ಎರಡೂವರೆ ಮೀಟರಿನ ಜಿಐ ಪೈಪು, ಸುತ್ತ ಉಪ್ಪು, ಇದ್ದಿಲು. ಇದ್ದಿಲನ್ನು ಅಮ್ಮ ಬಚ್ಚಲೊಲೆಯಿಂದ ಈಗಲೇ ಆರಿಸಿ ಗೋಣಿಗೆ ತುಂಬತೊಡಗಿದ್ದಾರೆ. ಅರ್ತಾದ ಮೇಲೆ ಕೇಬಲ್ಲು, ಕೇಬಲ್ಲಾದ ಮೇಲೆ ಬಾಕ್ಸು, ಬಾಕ್ಸಾದ ಮೇಲೆ ದೀಪ. ಚಾರ್ಜರಿನ ಪ್ಲಗ್ಗು ಎಲ್ಲಕ್ಕಿಂತ ಕೊನೆಗೆ ಎಂದಾಗ ಮಗಳು ಸ್ವಲ್ಪ ಮುಖ ದಪ್ಪ ಮಾಡಿದಳು. ಕಾವಲು ಮೊದಲು ನಿಲ್ಲಲಿ, ಕರೆಂಟು ಆಮೇಲೆ ಬರಲಿ ಎಂದು ನಾನೂ ಅಮ್ಮನೂ ಒಟ್ಟಿಗೇ ಹೇಳಿದೆವು.